ಚಂದ್ರವಳ್ಳಿಯ ಮಣ್ಣಿನಲ್ಲಿ ಕೈಸರನ ನಾಣ್ಯ

ರೋಮಾಪುರದ ಕೈಸರರ ಹೆಸರುಗಳನ್ನು ನಾವು ಹೊಸ ಒಡಂಬಡಿಕೆಯಲ್ಲಿ ಓದುತ್ತೇವೆ. ಆ ರಾಜ್ಯಕ್ಕೂ ನಮ್ಮ ಸೀಮೆಗೂ ಏನು ಸಂಬಂಧವೆಂದು ಅನೇಕರು ನೆನಸುವದುಂಟು. ಆದರೆ ಬೆಟಗೇರಿಯಿಂದ ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿ ಹೋದರೆ, ಚಿತ್ರದುರ್ಗದ ಬೆಟ್ಟಗಳ ಮಧ್ಯದಲ್ಲಿ ಚಂದ್ರವಳ್ಳಿಯೆಂಬ ಸ್ಥಳವುಂಟು. ೧೯೪೭ರಲ್ಲಿ ವ್ಹೀಲರ್ ಎಂಬ ಪಂಡಿತರು ಅಲ್ಲಿ ನೆಲವನ್ನು ಅಗೆಸಿದಾಗ, ತಿಬೇರಿಯ ಕೈಸರನ ಬೆಳ್ಳಿಯ ನಾಣ್ಯವು ದೊರಕಿತು. ಅದಕ್ಕೆ ಮುಂಚೆ ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಇಂಥ ೧೬೩ ನಾಣ್ಯಗಳು ಸಿಕ್ಕಿದ್ದವು.

ಈ ನಾಣ್ಯಕ್ಕೆ ದೆನಾರಿಯವೆಂದು ಹೆಸರು. ಅದರ ತೂಕವು ಸುಮಾರು ತೊಲೆಯ ಮೂರನೆಯ ಪಾಲು. ತಿಬೇರಿಯನು ಕ್ರಿ. ಶ. ೧೪ರಿಂದ ೩೭ರ ವರೆಗೆ ಆಳಿದನು. ದ್ರಾಕ್ಷೇತೋಟದ ಆಳುಗಳ ಸಾಮ್ಯದಲ್ಲಿ ಯಜಮಾನನು ದಿನದ ಕೂಲಿಯಾಗಿ ಕೊಟ್ಟದ್ದು ಇದೇ ನಾಣ್ಯ.

ಅದು ಇಲ್ಲಿಗೆ ಬಂದದ್ದು ಹೇಗೆ? ನಮ್ಮ ಹೊಲಗಳಿಗೆ ಮಳೆಯನ್ನು ತರುವ ಮುಂಗಾರು ಗಾಳಿಯೇ ಐಗುಪ್ತದ ರೇವುಗಳಿಂದ ಹಡಗುಗಳನ್ನೂ ನಮ್ಮ ಪಡುವಣ ಕರಾವಳಿಗೆ ತಂದಿತು. ಚಳಿಗಾಲದಲ್ಲಿ ಗಾಳಿ ತಿರುಗಿದಾಗ ಅವು ಮೆಣಸು, ಮುತ್ತು, ದಂತ, ಹತ್ತಿಯ ಬಟ್ಟೆ ಇವುಗಳನ್ನು ತುಂಬಿಕೊಂಡು ಹಿಂದಿರುಗಿದವು. ಆ ಸರಕಿನ ಮೇಲೆ ರೋಮದ ಸರಕಾರವು ನಾಲ್ಕರಲ್ಲಿ ಒಂದು ಪಾಲನ್ನು ಸುಂಕವಾಗಿ ತೆಗೆದುಕೊಂಡಿತು.

ಕ್ರಿ. ಶ. ೭೯ರಲ್ಲಿ ಸತ್ತ ಪ್ಲಿನಿಯೆಂಬ ರೋಮದ ಗ್ರಂಥಕರ್ತನು, ಹಿಂದುಸ್ಥಾನವು ವರ್ಷಕ್ಕೆ ೫ ಕೋಟಿ ಸೆಸ್ತರ್ಸಿಗೆ ಕಡಿಮೆಯಿಲ್ಲದೆ ತಮ್ಮ ಹಣವನ್ನು ಸೆಳೆಯುತ್ತದೆಂದು ದೂರಿಕೊಂಡನು. ನಾಲ್ಕು ಸೆಸ್ತರ್ಸಿಗಳಿಗೆ ಒಂದು ದೆನಾರಿಯವಾದದರಿಂದ ಅದು ೧ ಕೋಟಿ ೨೫ ಲಕ್ಷ ದಿನಗಳ ಕೂಲಿಯಾಯಿತು. ವರ್ಷಕ್ಕೆ ೩೦೦ ದಿನ ದುಡಿಯುವ ೪೦,೦೦೦ ಆಳುಗಳ ಸಂಬಳಕ್ಕಿಂತಲೂ ಹೆಚ್ಚು. ಇಷ್ಟು ಹಣವು ಧನಿಕರ ಊಟದ ರುಚಿಗೂ ಮೈಯ ಅಲಂಕಾರಕ್ಕೂ ವೆಚ್ಚವಾಗುತ್ತಿರುವಾಗ, ಬೆಳ್ಳಿಯನ್ನು ಅಗೆದು ತೆಗೆಯುವದಕ್ಕೆ ಸ್ಪಾನಿಯ ದೇಶದ ಗಣಿಗಳಲ್ಲಿ ದಾಸರು ಕತ್ತಲೆಯೊಳಗೆ ಸವೆದುಹೋದರು.

ಕ್ರಿ. ಶ. ೬೪ರಲ್ಲಿ ನೇರೋ ಕೈಸರನು ನಾಣ್ಯದ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದನು. ಮುಖಮುದ್ರೆಯು ಘನವಾಗಿಯೇ ಉಳಿಯಿತು, ಒಳಗಿನ ಬೆಳ್ಳಿಯು ಕುಗ್ಗಿತು. ನಮ್ಮ ನಾಡಿನ ವರ್ತಕರು ಮುದ್ರೆಯನ್ನು ನೋಡಿ ಮೋಸಹೋಗದೆ ಬೆಳ್ಳಿಯನ್ನು ತೂಗಿ ನೋಡುವವರಾಗಿದ್ದರು. ಇಲ್ಲಿ ಸಿಕ್ಕುವ ಬೆಳ್ಳಿಯ ನಾಣ್ಯಗಳಲ್ಲಿ ಔಗುಸ್ತ ತಿಬೇರಿಯರ ಹಳೇ ನಾಣ್ಯಗಳೇ ಬಹಳ. ೨೦೦ ವರ್ಷಗಳ ತರುವಾಯ ರೋಮದ ಬೆಳ್ಳಿನಾಣ್ಯದಲ್ಲಿ ನೂರಕ್ಕೆ ಐದು ಪಾಲು ಸಹ ಬೆಳ್ಳಿಯಿರಲಿಲ್ಲ. ಸಾಮಾನುಗಳ ಬೆಲೆಯೇರಿ ಬಡವರು ಕಷ್ಟಪಟ್ಟರು. ದೊಡ್ಡ ರಾಜ್ಯದ ಕುಂದು ಹೊರಗಣ ಶತ್ರುಗಳಿಂದ ಮಾತ್ರ ಬರಲಿಲ್ಲ. ಕಳ್ಳ ತೂಕದಿಂದಲೂ ಬಂತು.

ಕಡೆಗೆ ಒಂದು ಮಾತು. ನೇಗಿಲಿನ ಕೊನೆಗೆ ಇಂಥ ನಾಣ್ಯವು ತಗಲಿದರೆ ಅಕ್ಕಸಾಲಿಗನ ಮೂಸೆಗೆ ಹಾಕಬೇಡಿರಿ. ಕರಗಿಸಿದರೆ ಉಳಿಯುವದು ತೊಲೆಯ ಮೂರನೆಯ ಪಾಲು ಬೆಳ್ಳಿ ಮಾತ್ರ. ಅದು ಹೇಳಬಹುದಾದ ಸಂಗತಿ ಎಂದಿಗೂ ತಿರಿಗಿ ಬಾರದು. ಸಿಕ್ಕಿದ ಸ್ಥಳವನ್ನು ಗುರುತಿಟ್ಟುಕೊಂಡು ಸರಕಾರಕ್ಕೆ ತಿಳಿಸಿರಿ. ಇದು ಕಾಯಿದೆಯೂ ಹೌದು, ಮುಂದಿನ ಮಕ್ಕಳಿಗೆ ಉಪಕಾರವೂ ಹೌದು.