ಎಲ್ಲರಿಗೂ ಎಟುಕುವ ಕಯಾಕ್

ಹಾಯಿದೋಣಿಯ ವಿಹಾರ, ಸರ್ಫಿಂಗ್ ಎಂಬ ಅಲೆಯಾಟ, ಮೋಟಾರು ದೋಣಿ ಎಳೆಯುವ ವಾಟರ್ ಸ್ಕೀಯಿಂಗ್, ಕಯಾಕ್ ವಿಹಾರ ಇವೆಲ್ಲವೂ ಜಲಕ್ರೀಡೆಗಳೇ. ಆದರೆ ಎಂದೂ ಹುಟ್ಟು ಹಿಡಿಯದವರೂ ಸ್ವಲ್ಪ ಮಾರ್ಗದರ್ಶನ ದೊರೆತರೆ ಮೊದಲ ದಿನವೇ ಶಾಂತವಾದ ಕೆರೆಯಲ್ಲಿ ಕಯಾಕ್ ನಡೆಸಬಲ್ಲರು. ಉಳಿದ ಆಟಗಳು ಇಷ್ಟು ಬೇಗ ಒಲಿಯುವುದಿಲ್ಲ. ಇದರ ಕಾರಣವನ್ನು ಭೌತಶಾಸ್ತ್ರದ ದೃಷ್ಟಿಯಿಂದ ವಿಚಾರಿಸೋಣ.

ಕಯಾಕ್ ಎಂಬುದು ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ಮುಂತಾದ ಜನರು ಬೇಟೆಗಾಗಿ ರೂಪಿಸಿಕೊಂಡ, ಚರ್ಮ ಹೊದಿಸಿದ ಕಿರುದೋಣಿ. ಇಂದು ವಿಹಾರಕ್ಕೆ ಬಳಸುವವು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು. ಇದರಲ್ಲಿ ಮುಂದೆ ನೋಡುತ್ತ ಕುಳಿತು, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳಬೇಕು. ನ್ಯೂಟನ್ನನ ಮೂರನೆಯ ನಿಯಮದಂತೆ ದೋಣಿ ಮುಂದೆ ಸರಿಯುತ್ತದೆ.

ಮೊದಲನೆಯ ಕಾರಣವು ಆಧಾರಕ್ಕೆ ಸಂಬಂಧಿಸಿದುದು. ಸ್ಕೀಗಳ ಮೇಲೆ ನಿಂತವನನ್ನು ಎತ್ತಿಹಿಡಿಯುವುದು ವೇಗ. ಎಳೆಯುವ ದೋಣಿ ನಿಂತೊಡನೆ ಅವನು ನೀರಿಗಿಳಿಯುತ್ತಾನೆ. ಕಯಾಕನ್ನು ಎತ್ತಿಹಿಡಿಯುವುದು ಆರ್ಕಿಮಿಡೀಸನ ತತ್ತ್ವ. ಅದಕ್ಕೆ ವೇಗವೇ ಬೇಡ. ದೋಣಿಯೂ ಆಳೂ ಸೇರಿ 100 ಕಿಲೋಗ್ರಾಂ ತೂಗಿದರೆ, 100 ಲೀಟರು ನೀರು ಸರಿದರೆ ಸಾಕು. ದಣಿದಾಗ ಸುಮ್ಮನೆ ಕುಳಿತಿದ್ದರೂ ದೋಣಿ ತೇಲುತ್ತಲೇ ಇರುತ್ತದೆ.

ಎರಡನೆಯದು ಸ್ಥಿರತೆ. ಕುಳಿತವನ ಗುರುತ್ವಕೇಂದ್ರವು ನಿಂತವನದಕ್ಕಿಂತ ಬಹಳ ಕೆಳಗಿರುತ್ತದೆ. ಇದಲ್ಲದೆ, ಓರೆಯಾದ ದೋಣಿಯನ್ನು ನೆಟ್ಟಗಾಗಿಸುವಲ್ಲಿ ಅಗಲದ ಪಾಲು ಅಗಲದ ಘನದಂತೆ ಹೆಚ್ಚುತ್ತದೆ. 50 ಸೆಂಟಿಮೀಟರ್ ಅಗಲವನ್ನು 75ಕ್ಕೆ ಏರಿಸಿದರೆ ಈ ಪಾಲು ಸುಮಾರು 3.4 ಪಟ್ಟಾಗುತ್ತದೆ. ಹಾಗೆಂದು ಅಗಲವನ್ನು ಮನಬಂದಂತೆ ಹೆಚ್ಚಿಸಲಾಗದು. ತುಂಗಭದ್ರೆಯ ದುಂಡನೆಯ ಹರಿಗೋಲು ಸುಲಭವಾಗಿ ಮಗುಚದಾದರೂ, ನೇರವಾಗಿ ಸಾಗದೆ ಗಿರಕಿ ಹೊಡೆಯುತ್ತದೆ. ಕಯಾಕಿನ ನೀಳವಾದ ಆಕಾರವು ದಿಕ್ಕನ್ನು ಕಾಯುತ್ತದೆ.

ಮೂರನೆಯದು ಶ್ರಮ. ನೀರಿನ ಪ್ರತಿರೋಧವು ಸುಮಾರಾಗಿ ವೇಗದ ವರ್ಗದಂತೆಯೂ, ಆದುದರಿಂದ ಬೇಕಾಗುವ ಸಾಮರ್ಥ್ಯವು ವೇಗದ ಘನದಂತೆಯೂ ಏರುತ್ತವೆ. ವೇಗವನ್ನು ಅರ್ಧಕ್ಕಿಳಿಸಿದರೆ ಎಂಟರಲ್ಲೊಂದು ಪಾಲು ಸಾಮರ್ಥ್ಯ ಸಾಕು. ಹೀಗಾಗಿ ವೃದ್ಧರೂ ಬಾಲಕರೂ ತಮ್ಮ ಶಕ್ತಿಗೆ ತಕ್ಕ ವೇಗವನ್ನು ಆರಿಸಿಕೊಳ್ಳಬಹುದು. ಕಾಲುಗಳಲ್ಲಿ ಬಲವಿಲ್ಲದವರಿಗೂ ಈ ದೋಣಿ ಎಟುಕುತ್ತದೆ. 2016ರ ರಿಯೋ ಪ್ಯಾರಾಲಿಂಪಿಕ್ಸಿನಲ್ಲಿ 200 ಮೀಟರುಗಳ ಕಯಾಕ್ ಸ್ಪರ್ಧೆಗಳು ಮೊದಲ ಬಾರಿಗೆ ನಡೆದುವು.

ಆದರೆ ಸುಲಭವೆಂದ ಮಾತ್ರಕ್ಕೆ ನಿರಪಾಯವೆಂದಲ್ಲ. ದಡದಿಂದ ಬೀಸುವ ಗಾಳಿ ಹೋಗುವಾಗ ನೆರವಾಗಿ, ಹಿಂದಿರುಗುವಾಗ ಎದುರಾಳಿಯಾಗುತ್ತದೆ. ಮಗುಚಿದ ದೋಣಿಯೊಳಗೆ 200 ಲೀಟರು ನೀರು ತುಂಬಿದರೆ ಅದರ ತೂಕವೇ 200 ಕಿಲೋಗ್ರಾಂ. ಒಬ್ಬರಿಂದ ಅದನ್ನು ದಡಕ್ಕೆಳೆಯುವುದು ದುಸ್ಸಾಧ್ಯ. ಆದುದರಿಂದ ಈಜು ಬಲ್ಲವರೂ ಜೀವರಕ್ಷಕ ಜಾಕೆಟ್ಟನ್ನು ಬಿಗಿಯಾಗಿ ತೊಡಬೇಕು, ಜೊತೆಗಾರರಿಲ್ಲದೆ ಹೋಗಬಾರದು, ದಡವನ್ನು ಬಿಟ್ಟು ದೂರ ಸಾಗಬಾರದು. ದೋಣಿಯನ್ನು ತೇಲಿಸುವ ನಿಯಮವೇ ಜಾಕೆಟ್ಟು ತೊಟ್ಟವರನ್ನೂ ತೇಲಿಸುತ್ತದೆ. ತೊಡುವುದಷ್ಟೇ ನಮ್ಮ ಕರ್ತವ್ಯ.