ಸಿನಿಮಾದಲ್ಲಿದ್ದ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಯಾಕೆ ಇರಲಿಲ್ಲ?

ಹೋದ ಸೆಮಿಸ್ಟರ್‌ನ ಕೊನೇ ಪೇಪರ್ ಮುಗಿದ ರಾತ್ರಿ ನಾವು ನಾಲ್ಕೈದು ಜನ ಹಾಸ್ಟೆಲ್ ರೂಮಲ್ಲಿ ಕೂತು 1996ರ ‘ಟ್ವಿಸ್ಟರ್’ ಸಿನಿಮಾ ನೋಡಿದೆವು. ಸುಂಟರಗಾಳಿಯ ಹಿಂದೆ ಗಾಡಿ ಓಡಿಸಿಕೊಂಡು ಹೋಗುವ ವಿಜ್ಞಾನಿಗಳ ಕಥೆ. ಅದರಲ್ಲಿ ಸಿಲಿಕಾನ್ ಗ್ರಾಫಿಕ್ಸ್, ಅಂದರೆ ಎಸ್‌ಜಿಐ ಕಂಪನಿಯ ಒಂದು ಲ್ಯಾಪ್‌ಟಾಪ್ ಕಾಣಿಸುತ್ತೆ. ಅದಕ್ಕೂ ಒಂದು ವರ್ಷ ಮುಂಚೆ ಬಂದ ‘ಕಾಂಗೋ’ ಸಿನಿಮಾದಲ್ಲೂ ಆಫ್ರಿಕಾದ ಕಾಡಿಗೆ ಹೋದವರ ಹತ್ತಿರ ಇಂಥದ್ದೇ ಒಂದು ಇರುತ್ತೆ. ‘ಆ ಕಾಲಕ್ಕೇ ಇಂಥ ಮಷೀನ್ ಇತ್ತಾ? ಯಾವ ಮಾಡೆಲ್ ಇದು?’ ಅಂತ ಹುಡುಕೋಕೆ ಶುರು ಮಾಡಿದ್ವಿ. ಉತ್ತರ ಸಿಕ್ಕಾಗ ಎಲ್ಲರಿಗೂ ನಗು ಬಂತು. ಎಸ್‌ಜಿಐ ಅಂಥ ಲ್ಯಾಪ್‌ಟಾಪನ್ನ ಯಾವತ್ತೂ ಮಾರಲೇ ಇಲ್ಲ. ತೆರೆ ಮೇಲೆ ಕಂಡಿದ್ದು ಸಿನಿಮಾಗೆ ಅಂತ ಮಾಡಿದ ಡಮ್ಮಿ.

ನಮ್ಮಲ್ಲಿ ಒಬ್ಬ ಮಾತ್ರ ನಗಲಿಲ್ಲ. ಅವನ ಅಪ್ಪ ಸಾಲ ಮಾಡಿ, ತಿಂಗಳು ತಿಂಗಳು ಇಎಂಐ ಕಟ್ಟುತ್ತಾ, ಮಗನಿಗೆ ದುಬಾರಿ ಲ್ಯಾಪ್‌ಟಾಪ್ ಕೊಡಿಸಿದ್ದಾರೆ. ‘ಡೆಸ್ಕ್‌ಟಾಪ್ ಪವರ್, ಬ್ಯಾಗಲ್ಲೇ’ ಅಂತ ಅಂಗಡಿಯವರು ಹೇಳಿದ್ದರಂತೆ. ಪ್ರಾಜೆಕ್ಟ್ ತೋರಿಸೋ ದಿನ ಸೆಮಿನಾರ್ ಹಾಲಿನಲ್ಲಿ ಪ್ಲಗ್ ಪಾಯಿಂಟ್ ಸಿಗದೆ ಬ್ಯಾಟರಿ ಮೇಲೆ ಓಡಿಸಿದ. ರೂಮಲ್ಲಿ ನೀರಿನಂತೆ ಓಡುತ್ತಿದ್ದ 3ಡಿ ಮಾಡೆಲ್ ಅಲ್ಲಿ ತಡವರಿಸಿತು. ‘ಮೋಸ ಮಾಡಿದ್ರು ಕಣ್ರೋ’ ಅಂತ ಅವತ್ತಿಂದ ಹೇಳ್ತಾನೇ ಇದ್ದ. ಮೋಸಾನೋ ಅಲ್ವೋ ಅಂತ ತಿಳಿಯಬೇಕಾದರೆ, ಆ ಸಿನಿಮಾ ಲ್ಯಾಪ್‌ಟಾಪ್ ಯಾಕೆ ಅಸಾಧ್ಯವಾಗಿತ್ತು ಅಂತ ಮೊದಲು ತಿಳಿಯಬೇಕು. ಈ ಪಾಠ ಅದರ ಬಗ್ಗೆ.

ಎಸ್‌ಜಿಐ ಏನು ಮಾಡುತ್ತಿತ್ತು?

1980ರ ದಶಕದ ಶುರುವಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಜಿಮ್ ಕ್ಲಾರ್ಕ್ ‘ಜಿಯೋಮೆಟ್ರಿ ಎಂಜಿನ್’ ಅನ್ನೋ ಚಿಪ್ ವಿನ್ಯಾಸ ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಎಸ್‌ಜಿಐಗೆ ಅದೇ ಬುನಾದಿ. ಚಿಪ್‌ನ ಕೆಲಸ ನಮಗೆಲ್ಲ ಗೊತ್ತಿರೋದೇ: ಮೊದಲ ವರ್ಷದ ಮ್ಯಾಥ್ಸ್‌ನಲ್ಲಿ ‘ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತೆ’ ಅಂತ ಬೈಕೊಂಡು ಕಲಿತ ಮ್ಯಾಟ್ರಿಕ್ಸ್ ಗುಣಾಕಾರ. 3ಡಿ ವಸ್ತುವಿನ ಪ್ರತಿ ಬಿಂದುವನ್ನೂ 4×4 ಮ್ಯಾಟ್ರಿಕ್ಸ್‌ನಿಂದ ಗುಣಿಸಿದರೆ ಅದು ತಿರುಗುತ್ತೆ, ಸರಿಯುತ್ತೆ, ದೂರ ಹೋದಂತೆ ಚಿಕ್ಕದಾಗುತ್ತೆ.

ಕ್ಲಾರ್ಕ್ ಒಂದೇ ಥರದ 12 ಚಿಪ್‌ಗಳನ್ನ ಸಾಲಾಗಿ ಜೋಡಿಸಿದರು. ನಾಲ್ಕು ಚಿಪ್ ಮ್ಯಾಟ್ರಿಕ್ಸ್ ಗುಣಾಕಾರಕ್ಕೆ. ಆರು ಕ್ಲಿಪ್ಪಿಂಗ್‌ಗೆ, ಅಂದರೆ ನೋಟದ ಆಚೆ ಇರುವುದನ್ನ ಕತ್ತರಿಸೋಕೆ. ನೋಟದ ಪೆಟ್ಟಿಗೆಗೆ ಆರು ಮುಖ, ಮುಖಕ್ಕೊಂದು ಚಿಪ್. ಉಳಿದ ಎರಡು, ಬಂದ ಉತ್ತರವನ್ನ ಪರದೆಯ ಅಳತೆಗೆ ತರೋಕೆ. ನಾವು ಓದುವ ಪೈಪ್‌ಲೈನ್ ಇದೇ. ಒಂದು ಬಿಂದು ಕ್ಲಿಪ್ಪಿಂಗ್‌ನಲ್ಲಿದ್ದಾಗ ಅದರ ಹಿಂದಿನದು ಮ್ಯಾಟ್ರಿಕ್ಸ್ ಹಂತದಲ್ಲಿರುತ್ತೆ. ಯಾವ ಚಿಪ್ಪೂ ಸುಮ್ಮನೆ ಕೂರಲ್ಲ.

1993ರ ‘ಜುರಾಸಿಕ್ ಪಾರ್ಕ್’ನ ಡೈನೋಸಾರ್‌ಗಳನ್ನ ಕಂಪ್ಯೂಟರ್‌ನಲ್ಲಿ ಮಾಡಿದ್ದು ಎಸ್‌ಜಿಐ ಯಂತ್ರಗಳ ಮೇಲೆ. ಆ ಸಿನಿಮಾದ ಕಥೆಯೊಳಗೂ ಅವು ಬರುತ್ತವೆ. ಹುಡುಗಿ ಲೆಕ್ಸ್ ಕಂಪ್ಯೂಟರ್ ಮುಂದೆ ಕೂತಾಗ ಕಾಣುವ 3ಡಿ ಫೈಲ್ ಮ್ಯಾನೇಜರ್ ಕಟ್ಟುಕಥೆ ಅಲ್ಲ. ಎಸ್‌ಜಿಐ ತನ್ನ ಯುನಿಕ್ಸ್‌ಗೆ ಮಾಡಿದ್ದ ನಿಜವಾದ ಡೆಮೊ ಪ್ರೋಗ್ರಾಂ. ‘ಜುರಾಸಿಕ್ ಪಾರ್ಕ್’, ‘ಕಾಂಗೋ’ ಎರಡೂ ಮೈಕೆಲ್ ಕ್ರೈಟನ್ ಕಾದಂಬರಿಗಳಿಂದ ಬಂದವು, ‘ಟ್ವಿಸ್ಟರ್’ ಚಿತ್ರಕಥೆಯಲ್ಲೂ ಅವರ ಕೈ ಇದೆ. ಹಾಗಾಗಿ ಮೂರರಲ್ಲೂ ಆ ಕಾಲದ ಅತ್ಯುತ್ತಮ ಕಂಪ್ಯೂಟರ್ ಒಂದು ಪಾತ್ರದ ಹಾಗೇ ಬರೋದು ಆಶ್ಚರ್ಯ ಅಲ್ಲ.

ಪೆಟ್ಟಿಗೆ ಯಾಕೆ ಅಷ್ಟು ದೊಡ್ಡದು?

1990ರ ದಶಕದ ಶುರುವಿನಲ್ಲಿ ಎಸ್‌ಜಿಐನ ದೊಡ್ಡ ಗ್ರಾಫಿಕ್ಸ್ ವ್ಯವಸ್ಥೆ ‘ರಿಯಾಲಿಟಿ ಎಂಜಿನ್’. ಅದು ಒಂದು ಚಿಪ್ ಅಲ್ಲ, ಒಂದು ಕಾರ್ಡೂ ಅಲ್ಲ. ಹಲವು ಬೋರ್ಡ್‌ಗಳ ಗುಂಪು. ಒಂದು ಬೋರ್ಡ್ ಮೇಲೆ ಇಂಟೆಲ್‌ನ ಐ860 ಜಾತಿಯ ಪ್ರೊಸೆಸರ್‌ಗಳು, ಹೆಚ್ಚೆಂದರೆ 12. ಬಣ್ಣ ತುಂಬೋಕೆ ಬೇರೆ ಬೋರ್ಡ್‌ಗಳು, ಹೆಚ್ಚೆಂದರೆ ನಾಲ್ಕು. ಅಂಥ ಒಂದೊಂದು ಬೋರ್ಡ್‌ನಲ್ಲೂ 80 ‘ಇಮೇಜ್ ಎಂಜಿನ್’, ಒಟ್ಟು 320.

320 ಯಾಕೆ ಬೇಕು? ಪೆನ್ನು ತಗೊಂಡು ಲೆಕ್ಕ ಮಾಡೋಣ.

ಪರದೆ 1280×1024. ಅಂದರೆ 13,10,720 ಪಿಕ್ಸೆಲ್. ಬಣ್ಣಕ್ಕೆ ಪಿಕ್ಸೆಲ್‌ಗೆ 3 ಬೈಟ್ ಹಿಡಿದರೆ ಒಂದು ಚಿತ್ರಕ್ಕೆ ಸುಮಾರು 3.9 ಎಂಬಿ. ಸೆಕೆಂಡಿಗೆ 60 ಸಲ ಪರದೆಗೆ ಕಳಿಸಬೇಕು: ಸುಮಾರು 236 ಎಂಬಿ. ಇದು ಸುಮ್ಮನೆ ತೋರಿಸೋಕೆ ಮಾತ್ರ, ಬರೆಯೋದು ಇನ್ನೂ ಶುರುವೇ ಆಗಿಲ್ಲ. ಆಗಿನ ಪಿಸಿಗಳ ಪಿಸಿಐ ಬಸ್‌ನ ಗರಿಷ್ಠ ವೇಗ ಸೆಕೆಂಡಿಗೆ 133 ಎಂಬಿ!

ಈಗ ಬರೆಯೋದು. 3ಡಿ ದೃಶ್ಯದಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅಂತ ತಿಳಿಯೋಕೆ ಪ್ರತಿ ಪಿಕ್ಸೆಲ್‌ಗೂ ಒಂದು ಆಳದ ಬೆಲೆ ಇಟ್ಟುಕೊಳ್ಳಬೇಕು, ಅದೇ ಝಡ್-ಬಫರ್. ಹಳೇ ಆಳ ಓದು (3 ಬೈಟ್), ಹೊಸ ಆಳ ಬರಿ (3), ಬಣ್ಣ ಬರಿ (3). ಒಟ್ಟು 9 ಬೈಟ್. ಒಂದೇ ಜಾಗದಲ್ಲಿ ಸರಾಸರಿ ಮೂರು ವಸ್ತು ಒಂದರ ಹಿಂದೆ ಒಂದು ಇವೆ, ಮೂರನ್ನೂ ಬರೀತೀವಿ ಅಂತ ಇಟ್ಟುಕೊಳ್ಳಿ.

13,10,720 × 9 × 3 × 60 = ಸೆಕೆಂಡಿಗೆ ಸುಮಾರು 2,120 ಎಂಬಿ.

ಆ ಕಾಲದಲ್ಲಿ ಒಂದು ಮೆಮೊರಿ ಚಿಪ್ ಇಷ್ಟನ್ನ ಕೊಡೋ ಮಾತೇ ಇಲ್ಲ. ನಮ್ಮ ಮೆಸ್ ನೆನಪಿಸಿಕೊಳ್ಳಿ. ಮಧ್ಯಾಹ್ನ ಒಂದು ಗಂಟೆಗೆ ಒಂದೇ ಕೌಂಟರ್ ಇದ್ದರೆ ಅನ್ನ ಎಷ್ಟೇ ಇದ್ದರೂ ಕ್ಯೂ ಕರಗಲ್ಲ. ಕೌಂಟರ್ ಜಾಸ್ತಿ ಮಾಡಬೇಕು. 320 ಇಮೇಜ್ ಎಂಜಿನ್ ಅಂದರೆ 320 ಕೌಂಟರ್. ಪ್ರತಿಯೊಂದಕ್ಕೂ ತನ್ನದೇ ಮೆಮೊರಿ, ಪರದೆಯ ತನ್ನದೇ ಪಿಕ್ಸೆಲ್‌ಗಳು. ಆ ದೊಡ್ಡ ಪೆಟ್ಟಿಗೆಯ ಒಳಗಿದ್ದದ್ದು ಖಾಲಿ ಜಾಗ ಅಲ್ಲ, ಈ ಕೌಂಟರ್‌ಗಳು. ಪೆಟ್ಟಿಗೆಯನ್ನ ಚಿಕ್ಕದು ಮಾಡಿದರೆ ಕೌಂಟರ್ ಮುಚ್ಚಿದಂತೆ.

ಇನ್ನು ಶಾಖ. ಡಿಜಿಟಲ್ ಸರ್ಕ್ಯೂಟ್ ತಿನ್ನುವ ಪವರ್ ಸುಮಾರಾಗಿ C × V² × f. ಇದರಲ್ಲಿ ಪೆಟ್ಟು ಕೊಡೋದು V, ಯಾಕಂದರೆ ಅದಕ್ಕೆ ವರ್ಗ ಇದೆ. ಆಗಿನ ಚಿಪ್‌ಗಳು ಹೆಚ್ಚಾಗಿ 5 ವೋಲ್ಟ್‌ನವು. ಇವತ್ತಿನವು ಹೆಚ್ಚುಕಮ್ಮಿ 1 ವೋಲ್ಟ್. ಉಳಿದಿದ್ದೆಲ್ಲ ಒಂದೇ ಅಂತ ಹಿಡಿದರೂ ಅದೇ ಕೆಲಸಕ್ಕೆ ಆಗ 25 ಪಟ್ಟು ಪವರ್. ಅಂಥ ನೂರಾರು ಚಿಪ್‌ಗಳನ್ನ ತೊಡೆ ಮೇಲೆ ಇಟ್ಟುಕೊಂಡರೆ ಮೊದಲು ಬ್ಯಾಟರಿ ಮುಗಿಯುತ್ತಿತ್ತಾ, ತೊಡೆ ಸುಡುತ್ತಿತ್ತಾ, ನೀವೇ ಹೇಳಿ.

ಯುನಿಕ್ಸ್ ಲ್ಯಾಪ್‌ಟಾಪ್ ಇರಲೇ ಇಲ್ಲ ಅಂತಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಟ್ಯಾಡ್‌ಪೋಲ್ ಕಂಪನಿ 1990ರ ದಶಕದಲ್ಲೇ ‘ಸ್ಪಾರ್ಕ್‌ಬುಕ್’ ಅನ್ನೋ ಲ್ಯಾಪ್‌ಟಾಪ್ ವರ್ಕ್‌ಸ್ಟೇಷನ್ ಮಾರುತ್ತಿತ್ತು. ಅಂದರೆ ಪ್ರೊಸೆಸರ್ ಮತ್ತು ಆಪರೇಟಿಂಗ್ ಸಿಸ್ಟಂ ಬ್ಯಾಗಿಗೆ ಬಂದಿದ್ದವು. ಬರದೆ ಉಳಿದಿದ್ದು ರಿಯಾಲಿಟಿ ಎಂಜಿನ್‌ನಂಥ ಗ್ರಾಫಿಕ್ಸ್ ಮಾತ್ರ.

ಸಿನಿಮಾದವರು ಹೇಗೆ ಮಾಡಿದರು?

ಸಿನಿಮಾದಲ್ಲಿ ಕಂಪ್ಯೂಟರ್ ಪರದೆ ತೋರಿಸೋಕೆ ಹಳೇ ಉಪಾಯ ಇದೆ: ಚಿತ್ರ ಮೊದಲೇ ತಯಾರು ಮಾಡಿಟ್ಟುಕೊಂಡು ಪ್ಲೇ ಮಾಡೋದು, ಇಲ್ಲವೇ ಕ್ಯಾಮೆರಾಗೆ ಕಾಣದ ಕಡೆ ನಿಜವಾದ ಯಂತ್ರ ಇಟ್ಟು ಕೇಬಲ್ ಎಳೆಯೋದು. ‘ಜುರಾಸಿಕ್ ಪಾರ್ಕ್’ನಲ್ಲಿ ನೆಡ್ರಿ ಬಂದರಿನವನ ಜೊತೆ ‘ಲೈವ್’ ವಿಡಿಯೋದಲ್ಲಿ ಮಾತಾಡುವಾಗ ಆ ವಿಂಡೋದ ಕೆಳಗೆ ನೋಡಿ, ಪ್ಲೇಬಾರ್ ಮುಂದಕ್ಕೆ ಹೋಗ್ತಾ ಇರುತ್ತೆ! ಪರದೆ ಇಲ್ಲಿ, ಲೆಕ್ಕ ಬೇರೆಲ್ಲೋ. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತೆ.

ಕೊನೆಗೆ ಚಿಕ್ಕದಾಗಿದ್ದು ಹೇಗೆ?

‘ಟ್ವಿಸ್ಟರ್’ ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 1996ರ ಮೇ ತಿಂಗಳಲ್ಲಿ. ಮರುತಿಂಗಳು ಜಪಾನ್‌ನಲ್ಲಿ ‘ನಿಂಟೆಂಡೊ 64’ ಬಂತು. ಅದರ ಗ್ರಾಫಿಕ್ಸ್ ಚಿಪ್ ವಿನ್ಯಾಸ ಮಾಡಿದ್ದು ಇದೇ ಎಸ್‌ಜಿಐ. ಅಂದರೆ ಸಿನಿಮಾ ತೋರಿಸಿದ ‘ಚಿಕ್ಕ ಎಸ್‌ಜಿಐ’ ನಿಜವಾಗಿಯೂ ಹುಟ್ಟಿತು, ಆದರೆ ವಿಜ್ಞಾನಿಗಳ ಲ್ಯಾಪ್‌ಟಾಪ್ ಆಗಿ ಅಲ್ಲ, ಮಕ್ಕಳ ಆಟದ ಪೆಟ್ಟಿಗೆ ಆಗಿ.

ಇದರಲ್ಲಿ ಮಾಯ ಇಲ್ಲ, ಹೊಂದಾಣಿಕೆ ಇದೆ. ಆಟಗಳು ಟಿವಿಯಲ್ಲಿ ಹೆಚ್ಚಾಗಿ 320×240ರಲ್ಲಿ ಓಡುತ್ತಿದ್ದವು. ಪಿಕ್ಸೆಲ್‌ಗೆ 2 ಬೈಟ್ ಅಂದರೆ ಒಂದು ಚಿತ್ರ 1,53,600 ಬೈಟ್. ಮೇಲಿನ 3.9 ಎಂಬಿಯ ಸುಮಾರು 25ನೇ ಒಂದು ಭಾಗ. ಬ್ಯಾಟರಿಯ ಚಿಂತೆಯೂ ಇಲ್ಲ, ಗೋಡೆಯ ಪ್ಲಗ್ ಇದೆ. ಎಂಜಿನಿಯರ್‌ಗಳು ಯಂತ್ರವನ್ನ ಕುಗ್ಗಿಸೋ ಮುಂಚೆ ಕೆಲಸವನ್ನ ಕುಗ್ಗಿಸಿದರು.

ಅದೇ ವರ್ಷ 3ಡಿಎಫ್ಎಕ್ಸ್ ಕಂಪನಿಯ ‘ವೂಡೂ’ ಪಿಸಿ ಕಾರ್ಡ್ ಬಂತು. ಆ ಕಂಪನಿ ಕಟ್ಟಿದವರೂ ಎಸ್‌ಜಿಐನಿಂದ ಹೊರಬಂದವರೇ. 1999ರಲ್ಲಿ ಎನ್ವಿಡಿಯಾದ ‘ಜೀಫೋರ್ಸ್ 256’ ಬಂದಾಗ, ಕ್ಲಾರ್ಕ್ 12 ಚಿಪ್‌ಗಳಲ್ಲಿ ಮಾಡಿಸುತ್ತಿದ್ದ ಥರದ ಜಿಯೋಮೆಟ್ರಿ ಲೆಕ್ಕವೂ, ಬಣ್ಣ ತುಂಬೋದೂ ಪಿಸಿಯಲ್ಲಿ ಒಂದೇ ಚಿಪ್ ಒಳಗೆ ಸೇರಿತು. ಆಟ ಆಡೋರು ಕೋಟಿಗಟ್ಟಲೆ, ವರ್ಕ್‌ಸ್ಟೇಷನ್ ಕೊಳ್ಳೋರು ಕಡಿಮೆ. ದುಡ್ಡು ಎಲ್ಲಿತ್ತೋ ಸಂಶೋಧನೆ ಅಲ್ಲಿಗೆ ಹರಿಯಿತು. ಎಸ್‌ಜಿಐ 2006ರಲ್ಲಿ ಒಮ್ಮೆ, 2009ರಲ್ಲಿ ಇನ್ನೊಮ್ಮೆ ದಿವಾಳಿ ಅರ್ಜಿ ಹಾಕಿತು. ಮೌಂಟನ್ ವ್ಯೂನಲ್ಲಿದ್ದ ಅದರ ಕ್ಯಾಂಪಸ್ಸಿನಲ್ಲಿ ಇವತ್ತು ಗೂಗಲ್ ಇದೆ. ಉಳಿದಿದ್ದು ಅದರ ವಿಚಾರ: 1992ರಲ್ಲಿ ಎಸ್‌ಜಿಐನಿಂದ ಹೊರಬಂದ ಓಪನ್‌ಜಿಎಲ್ ಅನ್ನ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್‌ನಲ್ಲಿ ನಾವು ಇನ್ನೂ ಬರೀತಿದೀವಿ.

ಈಗ ನಮ್ಮ ಗೆಳೆಯನ ಲ್ಯಾಪ್‌ಟಾಪ್

ಇವತ್ತಿನ ಲ್ಯಾಪ್‌ಟಾಪ್ ಡಮ್ಮಿ ಅಲ್ಲ, ಒಪ್ಪೋಣ. ಆದರೆ V² ನಿಯಮ ಇನ್ನೂ ಬದಲಾಗಿಲ್ಲ. ಎಲ್ಲರಿಗೂ ಗೊತ್ತಿರೋ ಒಂದು ಹೆಸರನ್ನೇ ತಗೊಳ್ಳೋಣ: ಆರ್‌ಟಿಎಕ್ಸ್ 4090. ಡೆಸ್ಕ್‌ಟಾಪ್ ಕಾರ್ಡ್‌ನಲ್ಲಿ 16,384 ಕೋರ್, 24 ಜಿಬಿ ಮೆಮೊರಿ, 450 ವ್ಯಾಟ್. ಅದೇ ಹೆಸರಿನ ಲ್ಯಾಪ್‌ಟಾಪ್ ಆವೃತ್ತಿಯಲ್ಲಿ 9,728 ಕೋರ್, 16 ಜಿಬಿ, ಹೆಚ್ಚುಕಮ್ಮಿ 150 ವ್ಯಾಟ್. ಕೋರ್ ಲೆಕ್ಕದಲ್ಲಿ ಅದು ಡೆಸ್ಕ್‌ಟಾಪ್ 4080ಗೆ ಸಮ. ಈ ಅಂಕಿಗಳನ್ನ ಯಾರೂ ಮುಚ್ಚಿಟ್ಟಿಲ್ಲ, ಸ್ಪೆಸಿಫಿಕೇಶನ್‌ನಲ್ಲಿ ಇವೆ. ನಾವು ಸ್ಟಿಕ್ಕರ್ ಓದ್ತೀವಿ, ಸ್ಪೆಸಿಫಿಕೇಶನ್ ಓದಲ್ಲ, ಅಷ್ಟೆ.

ಬ್ಯಾಟರಿ ಕಡೆ ಬನ್ನಿ. ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. ಅದಕ್ಕೇ ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99ರ ಹತ್ತಿರ ನಿಲ್ಲುತ್ತೆ. 450 ವ್ಯಾಟ್ ಕಾರ್ಡನ್ನ ಅದರ ಮೇಲೆ ಪೂರ್ತಿ ಓಡಿಸಿದರೆ 99 ÷ 450 = 0.22 ಗಂಟೆ, ಅಂದರೆ 13 ನಿಮಿಷ. ಅದಕ್ಕೇ ಪ್ಲಗ್ ಕಿತ್ತ ತಕ್ಷಣ ಲ್ಯಾಪ್‌ಟಾಪ್ ತಾನೇ ಗ್ರಾಫಿಕ್ಸ್ ಪವರ್ ಇಳಿಸುತ್ತೆ. ಸೆಮಿನಾರ್ ಹಾಲಿನಲ್ಲಿ ಆಗಿದ್ದು ಇದೇ. ಯಂತ್ರ ಕೆಟ್ಟಿರಲಿಲ್ಲ, ಲೆಕ್ಕ ಮೊದಲೇ ಮಾಡಿರಲಿಲ್ಲ.

ಈ ವರ್ಷ ಲ್ಯಾಪ್‌ಟಾಪ್ ಕೊಳ್ಳೋಕೆ ಹೊರಟಿರೋ ಜೂನಿಯರ್‌ಗಳೇ, ಮನೆಯಲ್ಲಿ ದುಡ್ಡು ಕೇಳೋ ಮುಂಚೆ ಇಷ್ಟು ನೋಡಿ:

1. ಗ್ರಾಫಿಕ್ಸ್ ಹೆಸರಿನ ಪಕ್ಕ ಎಷ್ಟು ವ್ಯಾಟ್ ಅಂತ ಕೇಳಿ. ಒಂದೇ ಹೆಸರು, ಬೇರೆ ವ್ಯಾಟ್ ಅಂದರೆ ಬೇರೆ ವೇಗ.
2. ಗ್ರಾಫಿಕ್ಸ್ ಮೆಮೊರಿ ಎಷ್ಟು? ನಿಮ್ಮ ಮಾಡೆಲ್ ಅದರಲ್ಲಿ ಹಿಡಿಯದಿದ್ದರೆ ಕೋರ್ ಎಷ್ಟಿದ್ದರೂ ಪ್ರಯೋಜನ ಕಡಿಮೆ.
3. ಐದು ನಿಮಿಷದ ವೇಗ ಅಲ್ಲ, ಬಿಸಿಯಾದ ಮೇಲೆ ಅರ್ಧ ಗಂಟೆಯ ವೇಗ ನೋಡಿ.
4. ನಿಮ್ಮ ಕೆಲಸ ಏನು? ಕೋಡಿಂಗ್, ಸರ್ಕ್ಯೂಟ್ ಸಿಮ್ಯುಲೇಶನ್, ಚಿಕ್ಕ ಕ್ಯಾಡ್ ಮಾಡೆಲ್‌ಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು.

ದೊಡ್ಡ ರೆಂಡರಿಂಗ್ ವರ್ಷಕ್ಕೆ ಎರಡೇ ಸಲ ಬರೋದಾದರೆ ಸಿನಿಮಾದವರ ಉಪಾಯವೇ ಸರಿ: ಪರದೆ ಇಲ್ಲಿ, ಲೆಕ್ಕ ಬೇರೆಲ್ಲೋ. ಲ್ಯಾಬ್‌ನ ಡೆಸ್ಕ್‌ಟಾಪ್‌ಗೆ ರಿಮೋಟ್ ಆಗಿ ಸೇರಿಕೊಳ್ಳಬಹುದು, ಗಂಟೆ ಲೆಕ್ಕದಲ್ಲಿ ಕ್ಲೌಡ್ ಜಿಪಿಯು ಬಾಡಿಗೆಗೆ ತಗೋಬಹುದು. ಅವತ್ತು ಅದು ನಟನೆ, ಇವತ್ತು ಅದೇ ಒಳ್ಳೇ ಎಂಜಿನಿಯರಿಂಗ್.

ನಮ್ಮ ಗೆಳೆಯನಿಗೆ ಇದನ್ನೆಲ್ಲ ಲೆಕ್ಕ ಹಾಕಿ ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅಪ್ಪಂಗೆ ಹೇಳ್ಬೇಕು, ಮಷೀನ್ ಸರಿಯಾಗೇ ಇದೆ ಅಂತ’ ಅಂದ. ಮುಂದಿನ ಪ್ರಾಜೆಕ್ಟ್ ದಿನಕ್ಕೆ ಐದು ಮೀಟರ್ ಎಕ್ಸ್‌ಟೆನ್ಷನ್ ಬಾಕ್ಸ್ ತಂದಿಟ್ಟುಕೊಂಡಿದ್ದಾನೆ.

ನಿಮಗೊಂದು ಲೆಕ್ಕ: ನಿಮ್ಮ ಲ್ಯಾಪ್‌ಟಾಪ್ ಪರದೆ 1920×1080, ಪಿಕ್ಸೆಲ್‌ಗೆ 4 ಬೈಟ್ ಬಣ್ಣ, 4 ಬೈಟ್ ಆಳ, ಸರಾಸರಿ ಮೂರು ಪದರ, ಸೆಕೆಂಡಿಗೆ 60 ಚಿತ್ರ. ಮೇಲಿನ ವಿಧಾನದಲ್ಲೇ ಸೆಕೆಂಡಿಗೆ ಎಷ್ಟು ಎಂಬಿ ಓಡಾಡಬೇಕು ಅಂತ ಕಂಡುಹಿಡಿಯಿರಿ. ಉತ್ತರ ಸುಮಾರು 4,480 ಬರಬೇಕು. ಬರದಿದ್ದರೆ ಆಳವನ್ನ ಒಂದು ಸಲ ಓದಿ ಒಂದು ಸಲ ಬರೀಬೇಕು ಅನ್ನೋದನ್ನ ಮರೆತಿದ್ದೀರಿ.