ಮಳೆಗಾಲಕ್ಕೊಂದು ಕೈತಿರುಗಣೆ ರೇಡಿಯೋ



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ, ವಿದ್ಯುತ್, ದೂರವಾಣಿ ಮೂರೂ ಕಡಿದುಹೋದ ಊರುಗಳಿದ್ದವು. ಮನೆ ಬಿಡಬೇಕೆಂಬ ಸೂಚನೆ ತಡವಾಗಿ ತಲುಪಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಕೈಯಿಂದ ತಿರುಗಿಸಿ ನಡೆಸುವ ರೇಡಿಯೋ ಕೊಳ್ಳುವಾಗ ನಾವು ಗಮನಿಸಬೇಕಾದ ಅಂಶಗಳು:

1. ತಿರುಗಿಸುವ ಹಿಡಿ ಗಟ್ಟಿಯಿರಲಿ. ಒಳಗಿನ ಬ್ಯಾಟರಿ ಕಾಲಕ್ರಮದಲ್ಲಿ ಸೊರಗುತ್ತದೆ. ಸಾಮಾನ್ಯ ಪೆನ್ಸಿಲ್ ಸೆಲ್ ಹಾಕಲೂ ಬರುವಂತಿರಲಿ.

2. ಸೌರಫಲಕವೊಂದನ್ನೇ ನಂಬಬಾರದು. ಆಷಾಢದ ಮೋಡದಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

3. ಎಫ್.ಎಂ. ಅಲೆಗೆ ಗುಡ್ಡ ಅಡ್ಡಬರುತ್ತದೆ. ಮೀಡಿಯಂ ವೇವ್ ನೆಲವನ್ನನುಸರಿಸಿ ಸಾಗುತ್ತದೆ. ಎರಡೂ ಇರಲಿ. ಮಡಿಕೇರಿ ಆಕಾಶವಾಣಿ 103.1 ಮೆಗಾಹರ್ಟ್ಸ್. ಮನೆಯ ಜಗುಲಿಯಲ್ಲೇ ಕೇಳಿ ನೋಡುವುದು ಮುಖ್ಯ.

ಬೋರ್ಡೋ ಸಿಂಪಡಣೆಗೆ ಪಂಪು ಸಜ್ಜುಮಾಡುವ ದಿನವೇ ರೇಡಿಯೋವನ್ನೂ ಪರೀಕ್ಷಿಸೋಣ. ಕೇಳಿದ ಸೂಚನೆಯನ್ನು ನೆರೆಮನೆಗೂ ಮುಟ್ಟಿಸೋಣ.

— ಕಾರ್ಯದರ್ಶಿ